ತಿಂಡಿ ತೀರಿದ ಮೇಲಿನ ಡಬ್ಬಿ

ಬಿಸ್ಕತ್ತಿನ ಆಯುಸ್ಸು ಬಹಳ ಸ್ವಲ್ಪ. ಡಬ್ಬಿಯ ಮುಚ್ಚಳ ತೆರೆದ ನಾಲ್ಕಾರು ದಿನಗಳಲ್ಲಿ ಅದು ತೀರಿಹೋಗುತ್ತದೆ; ಮನೆಯಲ್ಲಿ ಮಕ್ಕಳಿದ್ದರೆ ಅಷ್ಟು ದಿನವೂ ಬೇಕಾಗುವುದಿಲ್ಲ. ಡಬ್ಬಿಯ ಸಂಗತಿ ಹಾಗಲ್ಲ. ತಿಂಡಿ ಮುಗಿದ ಮೇಲೆಯೇ ಅದರ ನಿಜವಾದ ಸಂಸಾರ ಆರಂಭವಾಗುವುದು. ಸೂಜಿ ದಾರ, ಕಳಚಿದ ಗುಂಡಿಗಳು, ಔಷಧದ ಚೀಟಿ, ತೆರಿಗೆಯ ರಸೀತಿ, ದೂರದಲ್ಲಿರುವ ಮಗನ ಕಾಗದ, ಎಲ್ಲಕ್ಕೂ ಅದೇ ಆಶ್ರಯ. ಬಿಸ್ಕತ್ತು ಮಡಿಗೆ ಸಲ್ಲದೆಂದು ಬಾಗಿಲಲ್ಲೇ ತಡೆದ ಮನೆಗಳಲ್ಲಿ ಕೂಡ ಬಿಸ್ಕತ್ತಿನ ಡಬ್ಬಿಗೆ ಮಾತ್ರ ನಡುಮನೆಯ ಗೂಡಿನವರೆಗೆ ಪ್ರವೇಶ ದೊರೆತಿತ್ತು.

ಬೆಲೆಬಾಳುವುದನ್ನು ಚೆಲುವಾದ ಪೆಟ್ಟಿಗೆಯಲ್ಲಿಡಬೇಕೆಂಬ ಆಸೆ ಹೊಸದೇನೂ ಅಲ್ಲ. ಸಂಸ್ಕೃತದ ‘ಕರಂಡಕ’ ಎಂಬುದು ನಮ್ಮ ನಾಲಗೆಯಲ್ಲಿ ‘ಕರಡಿಗೆ’ಯಾಯಿತು. ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸುವವರಿಗೆ ಕರಡಿಗೆ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ‘ಸಂಪುಟ’ ಎಂಬ ಮಾತಿಗೆ ಮುಚ್ಚಳವಿರುವ ಭರಣಿ ಎಂಬುದು ಹಳೆಯ ಅರ್ಥ. ಪುಸ್ತಕದ ಒಂದು ಭಾಗಕ್ಕೂ ಮಂತ್ರಿಗಳ ಕೂಟಕ್ಕೂ ಆ ಹೆಸರು ಬಂದದ್ದು ಆಮೇಲೆ. ಈ ಹಳೆಯ ಕರಡಿಗೆಗಳೆಲ್ಲ ಒಬ್ಬ ಕುಶಲಿ ಒಬ್ಬ ಒಡೆಯನಿಗಾಗಿ ಮಾಡಿಕೊಟ್ಟವು. ಲಕ್ಷಗಟ್ಟಲೆಯಲ್ಲಿ ಒಂದೇ ಅಚ್ಚಿನಿಂದ ಹೊರಬಂದು, ಹೆಸರೂ ತಿಳಿಯದ ಕೊಳ್ಳುವವರ ಮನೆ ಸೇರಿದ ಚಿತ್ರದ ಡಬ್ಬಿ ಇಂಗ್ಲೆಂಡಿನಲ್ಲಿ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿತು. ತಿಂದು ಮುಗಿಸಿದ್ದಕ್ಕೆ ಚರಿತ್ರೆಯಲ್ಲಿ ಗುರುತು ಉಳಿಯುವುದಿಲ್ಲ. ಡಬ್ಬಿ ಉಳಿಯುತ್ತದೆ, ಯಾರಿಗಾಗಿ ಅದನ್ನು ಮಾಡಿದರು, ಅವರನ್ನು ಎಷ್ಟರವರೆಂದು ಎಣಿಸಿದರು ಎಂಬುದನ್ನೂ ಅದು ಉಳಿಸಿಕೊಂಡಿರುತ್ತದೆ. ಆ ಕಥೆಯನ್ನು ಇಲ್ಲಿ ಸ್ವಲ್ಪ ನೋಡೋಣ.

ಮೊದಲು ತಗಡಿನ ವಿಚಾರ. ನಾವು ಸಾಮಾನ್ಯವಾಗಿ ತಗಡು ಎನ್ನುವ ವಸ್ತು ಒಂದೇ ಲೋಹವಲ್ಲ. ತೆಳ್ಳಗೆ ಬಡಿದ ಕಬ್ಬಿಣದ ಅಥವಾ ಉಕ್ಕಿನ ಹಾಳೆಯ ಎರಡು ಮೈಗಳಿಗೂ ತವರದ ಲೇಪ ಕೊಟ್ಟದ್ದು ಅದು. ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕಿಸುವುದನ್ನು ಕಂಡವರಿಗೆ ಇದು ತಟ್ಟನೆ ತಿಳಿಯುತ್ತದೆ. ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಹುಳಿ ಕಿಲುಬುತ್ತದೆ. ಲೇಪವಿಲ್ಲದ ಕಬ್ಬಿಣ ತೇವಕ್ಕೆ ತುಕ್ಕು ಹಿಡಿಯುತ್ತದೆ. ತವರ ಈ ಎರಡನ್ನೂ ತಡೆಯುತ್ತದೆ. ಕಬ್ಬಿಣದ ಬಲವೂ ತವರದ ಹೊಳಪೂ ಕೂಡಿದ ಈ ಹಾಳೆಯನ್ನು ಕತ್ತರಿಸಬಹುದು, ಮಡಿಸಬಹುದು, ಬೆಸೆಯಬಹುದು. ಗಾಳಿಯಾಡದಂತೆ ಮುಚ್ಚಳ ಕೂರಿಸಿದರೆ ಒಳಗಿನ ಪದಾರ್ಥ ಗರಿಗರಿಯಾಗಿ ಉಳಿಯುತ್ತದೆ. ಬಿಸ್ಕತ್ತಿಗೆ ಬೇಕಾದದ್ದು ಇಷ್ಟೆ. ಮೆತ್ತಗಾದ ಬಿಸ್ಕತ್ತನ್ನೂ ಮೆತ್ತಗಾದ ಹಪ್ಪಳವನ್ನೂ ಯಾರೂ ಬಯಸುವುದಿಲ್ಲ.

ಲಂಡನ್ನಿಗೆ ಪಶ್ಚಿಮದಲ್ಲಿ ರೆಡಿಂಗ್ ಎಂಬ ಊರಿದೆ. ರೈಲು ಬರುವುದಕ್ಕೆ ಮುಂಚೆ ಲಂಡನ್ನಿನಿಂದ ಬಾತ್ ನಗರಕ್ಕೆ ಹೋಗುವ ಕುದುರೆಗಾಡಿಗಳು ಅಲ್ಲಿ ತಂಗಿ ಹೋಗುತ್ತಿದ್ದವು. 1822ರಲ್ಲಿ ಜೋಸೆಫ್ ಹಂಟ್ಲಿ ಎಂಬಾತನು ಆ ಊರಿನ ಲಂಡನ್ ಬೀದಿಯಲ್ಲಿ ಬಿಸ್ಕತ್ತಿನ ಅಂಗಡಿ ತೆರೆದನು. ಎದುರಿಗೇ ಕ್ರೌನ್ ಎಂಬ ಛತ್ರ. ಕುದುರೆ ಬದಲಿಸುವಷ್ಟು ಹೊತ್ತು ಗಾಡಿ ನಿಂತಾಗ ಪ್ರಯಾಣಿಕರಿಗೆ ಬಿಸ್ಕತ್ತು ಮಾರುವುದು ಸುಲಭವಾಯಿತು. ತಿಂದು ಮೆಚ್ಚಿದವರು ತಮ್ಮ ಊರಿಗೂ ಬೇಕೆಂದರು. ಆದರೆ ಮಳೆ ಹನಿಯುವ ಆ ದೇಶದಲ್ಲಿ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟ ಬಿಸ್ಕತ್ತು ಊರು ಮುಟ್ಟುವಷ್ಟರಲ್ಲಿ ಮೆತ್ತಗಾಗಿಯೋ ಪುಡಿಯಾಗಿಯೋ ಹೋಗುವುದು. ಜೋಸೆಫನ ಕಿರಿಯ ಮಗ, ಅವನ ಹೆಸರೂ ಜೋಸೆಫನೇ, ತಗಡಿನ ಕೆಲಸ ಬಲ್ಲವನು. 1832ರಲ್ಲಿ ಅವನು ಅದೇ ಬೀದಿಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಹೂಡಿ, ತಂದೆಯ ಬಿಸ್ಕತ್ತಿಗೆ ಡಬ್ಬಿಗಳನ್ನು ಮಾಡಿಕೊಡತೊಡಗಿದನು. ಹೀಗೆ ಒಂದು ಮನೆತನದಿಂದ ಎರಡು ಉದ್ಯಮಗಳು ಬೆಳೆದವು. ತಂದೆಯದು ಮುಂದೆ ಹಂಟ್ಲಿ ಅಂಡ್ ಪಾಮರ್ಸ್ ಎಂಬ ಬಿಸ್ಕತ್ತಿನ ಕಾರ್ಖಾನೆಯಾಯಿತು. ಮಗನದು ಹಂಟ್ಲಿ, ಬೂರ್ನ್ ಅಂಡ್ ಸ್ಟೀವನ್ಸ್ ಎಂಬ ಡಬ್ಬಿಯ ಕಾರ್ಖಾನೆಯಾಯಿತು.

1841ರಲ್ಲಿ ಜಾರ್ಜ್ ಪಾಮರ್ ಎಂಬಾತನು, ತಂದೆಯ ಬಳಿಕ ವ್ಯಾಪಾರ ನೋಡಿಕೊಳ್ಳುತ್ತಿದ್ದ ಹಿರಿಯ ಮಗ ಥಾಮಸ್ ಹಂಟ್ಲಿಯೊಡನೆ ಪಾಲುಗಾರನಾಗಿ ಸೇರಿದನು. ಹಿಟ್ಟು ಕಲಸಿ, ಲಟ್ಟಿಸಿ, ಅಚ್ಚು ಹಾಕಿ ಬೇಯಿಸುವ ಕೆಲಸಗಳನ್ನು ಯಂತ್ರಗಳಿಗೆ ಒಪ್ಪಿಸಬೇಕೆಂಬುದು ಇವನ ಹಂಬಲ. 1846ರಲ್ಲಿ ಕೆನೆಟ್ ನದಿಯ ದಡದಲ್ಲಿ ಕಾರ್ಖಾನೆ ಎದ್ದಿತು. ರೈಲು ಅದಕ್ಕೆ ಆರು ವರ್ಷ ಮುಂಚೆಯೇ ರೆಡಿಂಗಿಗೆ ಬಂದಿತ್ತು. ಇನ್ನು ಕೇಳುವುದೇನು? ಬಿಸ್ಕತ್ತು ದೇಶದ ಮೂಲೆ ಮೂಲೆಗೂ ಹೋಯಿತು, ಹಡಗು ಹತ್ತಿ ಸಮುದ್ರದಾಚೆಗೂ ಹೋಯಿತು. ಶತಮಾನದ ಕೊನೆಯ ಹೊತ್ತಿಗೆ ಈ ಕಾರ್ಖಾನೆಯಲ್ಲಿ ದುಡಿಯುವವರ ಸಂಖ್ಯೆ 5,000ವನ್ನು ಮುಟ್ಟಿತು. ರೆಡಿಂಗಿಗೆ ‘ಬಿಸ್ಕತ್ತಿನ ಊರು’ ಎಂಬ ಅಡ್ಡಹೆಸರೇ ಬಿದ್ದಿತು.

ಈ ಹಂಟ್ಲಿ ಮತ್ತು ಪಾಮರ್ ಮನೆತನದವರು ಕ್ವೇಕರ್ ಎಂಬ ಕ್ರೈಸ್ತ ಪಂಗಡಕ್ಕೆ ಸೇರಿದವರೆಂಬುದನ್ನು ನೆನಪಿನಲ್ಲಿಡಬೇಕು. ಆ ಪಂಗಡದವರು ಆಡಂಬರವನ್ನು ಒಲ್ಲರು. ಉಡಿಗೆ ಸಾದಾ, ಮಾತು ಸಾದಾ, ಪ್ರಾರ್ಥನೆಯ ಮಂದಿರವೂ ಸಾದಾ. ಯುದ್ಧವೆಂದರೆ ಅವರಿಗೆ ಪಾಪ. ಬಣ್ಣಬಣ್ಣದ ಡಬ್ಬಿಯೆಂಬ ಆಡಂಬರ ಇಂಥ ಸರಳ ಜೀವಿಗಳ ಅಂಗಳದಲ್ಲಿ ಬೆಳೆಯಿತೆಂಬುದು ಚರಿತ್ರೆಯ ಒಂದು ವಿನೋದ.

ಮೊದಮೊದಲು ಡಬ್ಬಿಗೆ ಚೆಲುವು ಬೇಕಾಗಿರಲಿಲ್ಲ. ಆಗಿನದು ಹತ್ತು ಪೌಂಡು ಹಿಡಿಯುವಂಥ ದೊಡ್ಡ ಚೌಕ ಡಬ್ಬಿ. ಅದು ಅಂಗಡಿಯಲ್ಲಿ ಕುಳಿತಿರುವುದು. ಗಿರಾಕಿ ಬಂದಾಗ ಅಂಗಡಿಯವನು ಅದರಿಂದ ತೆಗೆದು ತೂಗಿ ಕೊಡುವನು. ಖಾಲಿಯಾದ ಮೇಲೆ ಡಬ್ಬಿ ಕಾರ್ಖಾನೆಗೆ ಮರಳುವುದು. ಹೊರಮೈಗೆ ಅಂಟಿಸಿದ ಒಂದು ಕಾಗದದ ಚೀಟಿಯೇ ಅದರ ಅಲಂಕಾರ. ಕಾಗದದ ಮೇಲಿನ ಸುಂಕವನ್ನು ಇಂಗ್ಲೆಂಡಿನ ಸರಕಾರ 1861ರಲ್ಲಿ ತೆಗೆದುಹಾಕಿದಾಗ ಅಚ್ಚುಹಾಕಿದ ಚೀಟಿಗಳು ಅಗ್ಗವಾದವು. ಸಾಮಾನುಗಳನ್ನು ಚಿಕ್ಕ ಚಿಕ್ಕ ಪ್ರಮಾಣದಲ್ಲಿ ಕಾರ್ಖಾನೆಯಲ್ಲೇ ಕಟ್ಟಿ, ಹೆಸರು ಹಾಕಿ ಮಾರುವ ಪದ್ಧತಿ ಬಲಗೊಂಡಿತು. ಆಗ ಡಬ್ಬಿ ಅಂಗಡಿಯಿಂದ ಇಳಿದು ಮನೆಯೊಳಕ್ಕೆ ಬಂದಿತು. ಅಂಗಡಿಯವನು ಡಬ್ಬಿಯ ಬಿಗಿಯನ್ನು ನೋಡುತ್ತಿದ್ದನು; ಮನೆಯಾಕೆ ಅದರ ಅಂದವನ್ನೂ ನೋಡಿದಳು. ಚಹದ ಮೇಜಿನ ಮೇಲಿಡಲು ನಾಚಿಕೆಯಾಗದ ಡಬ್ಬಿ ಬೇಕಾಯಿತು.

ಹಂಟ್ಲಿ ಅಂಡ್ ಪಾಮರ್ಸ್ ತಮ್ಮ ಮೊದಲ ಅಲಂಕೃತ ಡಬ್ಬಿಯನ್ನು 1868ರಲ್ಲಿ ಹೊರತಂದರು. ಲಂಡನ್ನಿನ ಡೆ ಲಾ ರೂ ಎಂಬ ಪ್ರಸಿದ್ಧ ಮುದ್ರಣ ಸಂಸ್ಥೆಗೆ ಅದರ ಕೆಲಸ ಒಪ್ಪಿಸಲಾಗಿತ್ತು; ವಿನ್ಯಾಸವನ್ನು ಬರೆದುಕೊಟ್ಟವನು ಓವನ್ ಜೋನ್ಸ್. ಈತ ಸಾಮಾನ್ಯನಲ್ಲ. 1851ರ ಲಂಡನ್ ಮಹಾ ಪ್ರದರ್ಶನದ ಗಾಜಿನ ಅರಮನೆಗೆ ಒಳಗಿನ ಬಣ್ಣಗಾರಿಕೆಯನ್ನು ಯೋಜಿಸಿದವನು. 1856ರಲ್ಲಿ ‘ಗ್ರಾಮರ್ ಆಫ್ ಆರ್ನಮೆಂಟ್’ ಎಂಬ ದೊಡ್ಡ ಗ್ರಂಥವನ್ನು ಪ್ರಕಟಿಸಿದವನು. ನುಡಿಗೆ ವ್ಯಾಕರಣವಿರುವಂತೆ ಅಲಂಕಾರಕ್ಕೂ ಒಂದು ವ್ಯಾಕರಣವಿದೆಯೆಂಬುದು ಅವನ ಮತ. ಲೋಕದ ನಾನಾ ಜನಾಂಗಗಳ ಬಳ್ಳಿ, ಹೂ, ಚೌಕಳಿಗಳನ್ನು ಬಣ್ಣದ ಫಲಕಗಳಲ್ಲಿ ಅಚ್ಚುಹಾಕಿಸಿದ ಆ ಗ್ರಂಥದಲ್ಲಿ ಭಾರತದ ಕುಶಲಿಗಳ ನೇಯ್ಗೆಗೂ ಲೋಹದ ಕೆಲಸಕ್ಕೂ ಗೌರವದ ಸ್ಥಾನ ಸಿಕ್ಕಿದೆ. ಬಣ್ಣವನ್ನೂ ಗೆರೆಯನ್ನೂ ಎಷ್ಟರಲ್ಲಿ ನಿಲ್ಲಿಸಬೇಕೆಂಬುದನ್ನು ಯುರೋಪಿನವರು ಭಾರತೀಯರಿಂದ ಕಲಿಯಬೇಕೆಂದು ಅವನು ಎಣಿಸಿದ್ದನು. ಅಂಥವನು ಬಿಸ್ಕತ್ತಿನ ಡಬ್ಬಿಗೆ ಕೈಹಾಕಿದನೆಂದರೆ, ತಿನ್ನುವ ಪದಾರ್ಥದ ಹೊದಿಕೆಯನ್ನೂ ಕಲೆಯೆಂದು ಎಣಿಸುವ ಕಾಲ ಬಂದಿತೆಂದೇ ಅರ್ಥ.

ಆದರೆ ಒಂದು ತೊಡಕು ಉಳಿದಿತ್ತು. ತಗಡಿನ ಮೇಲೆ ಚಿತ್ರವನ್ನು ಅಚ್ಚುಹಾಕುವುದು ಹೇಗೆ? ಕಾಗದದ ಮೇಲೆ ಬಣ್ಣದ ಚಿತ್ರ ಮುದ್ರಿಸಲು ಆಗ ಬಳಕೆಯಲ್ಲಿದ್ದದ್ದು ಕಲ್ಲಚ್ಚು. ನಮಗೆ ಅದು ಅಪರಿಚಿತವಲ್ಲ. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದು ಬಾಸೆಲ್ ಮಿಷನ್ನಿನವರ ಕಲ್ಲಚ್ಚಿನಿಂದಲೇ. ನುಣ್ಣಗೆ ತಿಕ್ಕಿದ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರೆದು, ಕಲ್ಲನ್ನು ನೀರಿನಿಂದ ತೇವಗೊಳಿಸಿದರೆ ಬರೆದ ಕಡೆ ನೀರು ನಿಲ್ಲುವುದಿಲ್ಲ. ಆಮೇಲೆ ಬಣ್ಣ ಬಳಿದರೆ ಅದು ಜಿಡ್ಡಿದ್ದಲ್ಲಿ ಮಾತ್ರ ಹತ್ತುತ್ತದೆ. ಕಾಗದವನ್ನು ಅದರ ಮೇಲೆ ಒತ್ತಿದರೆ ಚಿತ್ರ ಮೂಡುತ್ತದೆ. ಕಾಗದ ಮೆತುವಾದದ್ದು, ಕಲ್ಲಿಗೆ ಒಗ್ಗಿಕೊಳ್ಳುತ್ತದೆ. ತಗಡು ಗಡಸು, ಕಲ್ಲೂ ಗಡಸು. ಎರಡು ಗಡಸು ವಸ್ತುಗಳನ್ನು ಒಂದರ ಮೇಲೊಂದು ಒತ್ತಿದರೆ ಮುಖ ಪೂರ್ತಿಯಾಗಿ ಕೂಡುವುದಿಲ್ಲ; ಚಿತ್ರ ಅಲ್ಲಲ್ಲಿ ಹಾರಿಹೋಗುತ್ತದೆ. ಆದ್ದರಿಂದ ಮೊದಲು ಕಾಗದದ ಮೇಲೆ ಅಚ್ಚು ತೆಗೆದು, ಒಂದೊಂದು ತಗಡಿಗೂ ಅದನ್ನು ಅಂಟಿಸಿ, ಕಾಗದ ಬಿಡಿಸಿ ಚಿತ್ರ ಉಳಿಸಿಕೊಳ್ಳುವ ಉಪಾಯ ನಡೆಯುತ್ತಿತ್ತು. ಅದು ನಿಧಾನದ ಕೆಲಸ, ವೆಚ್ಚವೂ ಹೆಚ್ಚು.

1875ರಲ್ಲಿ ಲಂಡನ್ನಿನ ಬಾರ್ಕ್ಲೇ ಅಂಡ್ ಫ್ರೈ ಸಂಸ್ಥೆಯ ರಾಬರ್ಟ್ ಬಾರ್ಕ್ಲೇ ಈ ತೊಡಕನ್ನು ಬಿಡಿಸಿದನು. ಉಪಾಯ ಬಹಳ ಸರಳ. ಕಲ್ಲಿಗೂ ತಗಡಿಗೂ ನಡುವೆ ಮೆತುವಾದ ಮೈಯುಳ್ಳ ಒಂದು ಉರುಳೆಯನ್ನು ಅವನು ತಂದಿಟ್ಟನು. ಉರುಳೆ ಕಲ್ಲಿನಿಂದ ಬಣ್ಣವನ್ನು ಎತ್ತಿಕೊಂಡು ತಗಡಿನ ಮೇಲೆ ಇಳಿಸುತ್ತದೆ. ಗಡಸು ವಸ್ತುಗಳೆರಡೂ ಒಂದನ್ನೊಂದು ಮುಟ್ಟುವುದೇ ಇಲ್ಲ. ಇಬ್ಬರು ಹಟಮಾರಿಗಳ ನಡುವೆ ಸಂಧಾನಕ್ಕೆ ಒಬ್ಬ ಮೃದು ಸ್ವಭಾವದವನನ್ನು ಕೂರಿಸಿದ ಹಾಗೆ. ಉರುಳೆಯ ಮೈ ಮೊದಲು ರಟ್ಟಿನದಾಗಿತ್ತು, ಆಮೇಲೆ ರಬ್ಬರಿನದಾಯಿತು. ಹಾಳೆ ಚಪ್ಪಟೆಯಾಗಿರುವಾಗಲೇ ನಾಲ್ಕಾರು ಬಣ್ಣಗಳನ್ನು ಒಂದಾದ ಮೇಲೊಂದು ಅಚ್ಚುಹಾಕಿ, ಒಲೆಯ ಬಿಸಿಯಲ್ಲಿ ಒಣಗಿಸಿ, ಆಮೇಲೆ ಕತ್ತರಿಸಿ ಮಡಿಸಿ ಡಬ್ಬಿ ಮಾಡುವುದು ಸಾಧ್ಯವಾಯಿತು.

ಇದರ ಫಲ ಡಬ್ಬಿಯಲ್ಲಿಯೇ ನಿಲ್ಲಲಿಲ್ಲ. ಸುಮಾರು 1904ರಲ್ಲಿ ಅಮೆರಿಕದ ಐರಾ ರೂಬೆಲ್ ಎಂಬ ಮುದ್ರಕನು, ರಬ್ಬರಿನ ಉರುಳೆಯಿಂದ ಕಾಗದದ ಮೇಲೆ ಇಳಿಸಿದ ಚಿತ್ರ ನೇರವಾಗಿ ಅಚ್ಚು ಹಾಕಿದ್ದಕ್ಕಿಂತ ಸ್ಫುಟವಾಗಿರುವುದನ್ನು ಕಂಡುಕೊಂಡನು. ಕಾಗದಕ್ಕೂ ಅದೇ ಯಂತ್ರ ಬಂದಿತು. ಆಫ್‌ಸೆಟ್ ಎಂದು ನಾವು ಕರೆಯುವ ಮುದ್ರಣ ಇದೇ. ನಮ್ಮ ಶಾಲೆಯ ಪಠ್ಯಪುಸ್ತಕ, ಗೋಡೆಯ ಪಂಚಾಂಗ, ಬೆಳಗಿನ ಪತ್ರಿಕೆಗಳೆಲ್ಲ ಈ ಕ್ರಮದಿಂದ ಬರುತ್ತಿವೆ. ಕಾಗದಕ್ಕೆ ಈ ವಿದ್ಯೆ ದೊರೆಯುವುದಕ್ಕೆ ಇಪ್ಪತ್ತೊಂಬತ್ತು ವರ್ಷ ಮುಂಚೆಯೇ ಅದು ತಗಡಿನ ಮೇಲೆ ಪಳಗಿತ್ತು ಎಂಬುದನ್ನು ವಿದ್ಯಾವಂತರಾದ ನಾವು ಮರೆಯಬಾರದು.

ಅಚ್ಚಿನ ಕಷ್ಟ ಪರಿಹಾರವಾದ ಮೇಲೆ ಡಬ್ಬಿ ಮಾಡುವವರ ಕಲ್ಪನೆಗೆ ತಡೆಯಿಲ್ಲದಾಯಿತು. ಚೌಕ ಡಬ್ಬಿ ಹಿಂದೆ ಬಿದ್ದಿತು. ಹೂದಾನಿ, ಹೆಂಗಸರ ಕೈಚೀಲ, ಬುಟ್ಟಿ ಮೊದಲಾದ ನಾನಾ ಆಕಾರಗಳು ತಗಡಿನಲ್ಲಿ ಮೂಡಿದವು. 1900ರ ಸುಮಾರಿಗೆ ಹಂಟ್ಲಿ ಅಂಡ್ ಪಾಮರ್ಸ್ ಹೊರತಂದ ‘ಲೈಬ್ರರಿ’ ಎಂಬ ಡಬ್ಬಿ ಬಹಳ ಹೆಸರಾಯಿತು. ಎಂಟು ಪುಸ್ತಕಗಳನ್ನು ಒಟ್ಟಿಗೆ ಜೋಡಿಸಿ ಒಂದು ತೊಗಲಿನ ಪಟ್ಟಿಯಿಂದ ಬಿಗಿದಂತೆ ಅದರ ರೂಪ. ದೂರದಿಂದ ನೋಡಿದವರು ವಿದ್ವಾಂಸರ ಮನೆಯೆಂದುಕೊಳ್ಳಬೇಕು. ಹತ್ತಿರ ಹೋಗಿ ಮುಚ್ಚಳ ತೆರೆದರೆ ಬಿಸ್ಕತ್ತು. ಸಂಪುಟ ಎಂಬ ಮಾತಿನ ಎರಡು ಅರ್ಥಗಳೂ ಆ ಡಬ್ಬಿಯಲ್ಲಿ ಒಂದಾಗಿದ್ದವು.

ಇಷ್ಟು ಶ್ರಮವೇಕೆಂದು ಕೇಳಬಹುದು. ಕ್ರಿಸ್ಮಸ್ ಹಬ್ಬದ ಉಡುಗೊರೆಯ ವ್ಯಾಪಾರವೇ ಇದಕ್ಕೆ ಮುಖ್ಯ ಕಾರಣ. ಹಬ್ಬಕ್ಕೆ ಬಂಧುಗಳ ಮನೆಗೆ ಹೋಗುವಾಗ ಬರಿಗೈಯಲ್ಲಿ ಹೋಗಬಾರದೆಂಬುದು ಅಲ್ಲಿಯೂ ಉಂಟು. ಬರಿಯ ತಿಂಡಿ ಕೊಟ್ಟರೆ ಅದು ಆ ದಿನಕ್ಕೆ ಮುಗಿಯಿತು. ಚೆಲುವಾದ ಡಬ್ಬಿಯಲ್ಲಿ ಕೊಟ್ಟರೆ ಕೊಟ್ಟವರ ನೆನಪು ವರ್ಷಗಟ್ಟಲೆ ಆ ಮನೆಯಲ್ಲಿ ಉಳಿಯುತ್ತದೆ. ಮಾರುವವನಿಗೂ ಇದರಿಂದ ಲಾಭ: ಅವನ ಹೆಸರು ಕೊಳ್ಳುವವರ ಮನೆಯ ಗೂಡಿನಲ್ಲಿ ಬಾಡಿಗೆಯಿಲ್ಲದೆ ಕುಳಿತಿರುತ್ತದೆ. ಒಂದು ವರ್ಷದ ಡಬ್ಬಿಯನ್ನು ಕಂಡವರು ಮರುವರ್ಷ ಯಾವ ರೂಪ ಬರುವುದೋ ಎಂದು ಕಾದಿರುತ್ತಿದ್ದರು. ಕೂಡಿಡುವ ಹವ್ಯಾಸ ಹೀಗೆ ಬೆಳೆಯಿತು.

ಡಬ್ಬಿಯನ್ನು ಮಾಡಿದವರು ಎಣಿಸದ ಕೆಲಸಕ್ಕೂ ಅದು ಸಂದದ್ದುಂಟು. ಆಫ್ರಿಕದ ಉಗಾಂಡಾದಲ್ಲಿ ಗೆದ್ದಲಿನ ಕಾಟ ವಿಪರೀತ. ಅಲ್ಲಿಯ ಲುಗಾಂಡಾ ಭಾಷೆಯಲ್ಲಿ 1896ರಲ್ಲಿ ಅಚ್ಚಾದ ಬೈಬಲ್ಲಿನ ಒಂದು ಆವೃತ್ತಿಯನ್ನು ಬಿಸ್ಕತ್ತಿನ ಡಬ್ಬಿಯೊಳಗೆ ಸರಿಯಾಗಿ ಕೂರುವ ಅಳತೆಗೆ, ಅಗಲ ಕಡಿಮೆ ಮಾಡಿ ದಪ್ಪ ಹೆಚ್ಚಿಸಿ, ಕಟ್ಟಿದರು. ‘ಬಿಸ್ಕತ್ತು ಡಬ್ಬಿಯ ಬೈಬಲ್’ ಎಂದೇ ಅದಕ್ಕೆ ಹೆಸರಾಯಿತು. ಗೆದ್ದಲು ತಿಂದ ಓಲೆಗರಿಯ ಕಟ್ಟನ್ನು ಬಿಚ್ಚಿ, ಅರ್ಧ ಪದ್ಯ ಮಣ್ಣಾದುದನ್ನು ಕಂಡು ನಿಟ್ಟುಸಿರಿಟ್ಟವರಿಗೆ ಇದರ ಬೆಲೆ ಗೊತ್ತು. ಸಾಮಾನ್ಯವಾಗಿ ವಸ್ತುವಿಗೆ ತಕ್ಕ ಪೆಟ್ಟಿಗೆ ಮಾಡುತ್ತಾರೆ. ಅಲ್ಲಿ ಪೆಟ್ಟಿಗೆಗೆ ತಕ್ಕಂತೆ ಗ್ರಂಥವನ್ನೇ ರೂಪಿಸಬೇಕಾಯಿತು.

ಇನ್ನು ಕಾಣಿಕೆಯ ಡಬ್ಬಿಗಳಲ್ಲಿ ಅತಿ ಪ್ರಸಿದ್ಧವಾದ ಎರಡರ ಕಡೆಗೆ ಬರೋಣ. ಎರಡೂ ಯುದ್ಧಕಾಲದವು, ಎರಡೂ ಅರಮನೆಯ ಹೆಸರಿನಲ್ಲಿ ಸೈನಿಕರಿಗೆ ಹೋದವು.

1899ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಬೋಯರ್ ಯುದ್ಧ ಮೊದಲಾಯಿತು. ಅಲ್ಲಿ ಹೋರಾಡುತ್ತಿದ್ದ ಪ್ರತಿಯೊಬ್ಬ ಸೈನಿಕನಿಗೂ 1900ರ ಹೊಸ ವರ್ಷಕ್ಕೆ ಒಂದು ಡಬ್ಬಿ ಚಾಕೊಲೇಟು ಕಳುಹಿಸಬೇಕೆಂದು ವಿಕ್ಟೋರಿಯಾ ರಾಣಿ ಬಯಸಿದಳು. ದೇಶದ ದೊಡ್ಡ ಚಾಕೊಲೇಟು ತಯಾರಕರು ಮೂವರು: ಕ್ಯಾಡ್ಬರಿ, ಫ್ರೈ, ರೌನ್‌ಟ್ರಿ. ಮೂವರೂ ಕ್ವೇಕರರು. ರಾಣಿಯ ಮಾತನ್ನು ಮೀರುವಂತಿಲ್ಲ. ಯುದ್ಧದಿಂದ ಹಣ ಮಾಡಲು ಮನಸ್ಸೊಪ್ಪದು. ಕಡೆಗೆ ಅವರು ಚಾಕೊಲೇಟಿಗೆ ಹಣ ಬೇಡವೆಂದರು. ಡಬ್ಬಿಯ ಮೇಲೆ ತಮ್ಮ ಹೆಸರೂ ಬೇಡವೆಂದರು. ತನ್ನ ಸೈನಿಕರಿಗೆ ಹೋದದ್ದು ಒಳ್ಳೆಯ ಬ್ರಿಟಿಷ್ ಚಾಕೊಲೇಟೆಂದು ತಿಳಿಯಬೇಕೆಂಬುದು ರಾಣಿಯ ಹಟ. ಆದ್ದರಿಂದ ಒಳಗಿನ ಚಾಕೊಲೇಟಿಗೆ ಕೆಲವೆಡೆ ಗುರುತು ಬಿದ್ದಿತು; ಡಬ್ಬಿ ಮಾತ್ರ ರಾಣಿಯ ಮುಖಮುದ್ರೆ, ದಕ್ಷಿಣ ಆಫ್ರಿಕ 1900 ಎಂಬ ಒಕ್ಕಣೆ, ಆಕೆಯ ಹಸ್ತಾಕ್ಷರದ ಹೊಸ ವರ್ಷದ ಹಾರೈಕೆಗಳನ್ನು ಹೊತ್ತು ಹೋಯಿತು. ವ್ಯಾಪಾರಿಯ ಹೆಸರೆಲ್ಲಿ ಎಂದು ಆ ಮುಚ್ಚಳವನ್ನು ಹುಡುಕಿದರೆ ಸಿಗುವುದಿಲ್ಲ. ಆ ಇಲ್ಲದಿರುವಿಕೆಯೇ ಒಂದು ಮಾತು. ಹೆಸರು ಮೆರೆಸಲೆಂದೇ ಹುಟ್ಟಿದ ಡಬ್ಬಿಯಲ್ಲಿ ಹೆಸರನ್ನು ಬೇಕೆಂದೇ ಅಡಗಿಸಿದವರು ಚರಿತ್ರೆಯಲ್ಲಿ ವಿರಳ.

ಲಕ್ಷಕ್ಕೂ ಮೀರಿದ ಈ ಡಬ್ಬಿಗಳಲ್ಲಿ ಎಷ್ಟೋ ಡಬ್ಬಿಗಳನ್ನು ಪಡೆದವರು ಅದನ್ನು ತಿನ್ನದೆ ಮನೆಗೆ ಕಳುಹಿಸಿದರು. ಇಂಗ್ಲೆಂಡಿನ ನಾರ್ಫಕ್ ಪ್ರಾಂತದ ಆಕ್ಸ್‌ಬರ್ಗ್ ಹಾಲ್ ಎಂಬ ಹಳೆಯ ಮಹಲಿನಲ್ಲಿ, ಆ ಯುದ್ಧಕ್ಕೆ ಹೋಗಿದ್ದವನೊಬ್ಬನ ಶಿರಸ್ತ್ರಾಣದ ಪೆಟ್ಟಿಗೆಯೊಳಗೆ, ಚಾಕೊಲೇಟು ಸಮೇತ ಇಂಥ ಒಂದು ಡಬ್ಬಿ ದೊರೆತ ಸುದ್ದಿ 2021ರಲ್ಲಿ ಪ್ರಕಟವಾಯಿತು. 121 ವರ್ಷ ಆ ತಿಂಡಿ ಡಬ್ಬಿಯ ಮರ್ಯಾದೆಯಿಂದ ಉಳಿದುಕೊಂಡಿತ್ತು.

ಎರಡನೆಯದು 1914ರದು. ಮೊದಲನೆಯ ಮಹಾಯುದ್ಧ ಆರಂಭವಾಗಿ ಮೂರು ತಿಂಗಳೂ ತುಂಬಿರಲಿಲ್ಲ. ಐದನೆಯ ಜಾರ್ಜ್ ದೊರೆಯ ಮಗಳು, ಹದಿನೇಳು ವರ್ಷದ ರಾಜಕುಮಾರಿ ಮೇರಿಯ ಹೆಸರಿನಲ್ಲಿ ಒಂದು ನಿಧಿ ತೆರೆದರು. ಕ್ರಿಸ್ಮಸ್ ದಿನ ಯುದ್ಧರಂಗದಲ್ಲಿರುವ ಸೈನಿಕರಿಗೂ ನಾವಿಕರಿಗೂ ದೇಶದ ಕಾಣಿಕೆ ಮುಟ್ಟಬೇಕೆಂಬುದು ಸಂಕಲ್ಪ. ಜನ ಧಾರಾಳವಾಗಿ ಕೊಟ್ಟರು; 1,62,000 ಪೌಂಡಿಗೂ ಹೆಚ್ಚು ಹಣ ಕೂಡಿತು. ಹಣ ಮಿಗುತ್ತ ಬಂದಂತೆ, ಆ ಕ್ರಿಸ್ಮಸ್ ದಿನ ದೊರೆಯ ಸಮವಸ್ತ್ರ ತೊಟ್ಟಿದ್ದ ಎಲ್ಲರಿಗೂ ಕೊಡಬೇಕೆಂದು ತೀರ್ಮಾನವಾಯಿತು. ಅವರ ಲೆಕ್ಕ 26 ಲಕ್ಷವನ್ನು ದಾಟಿತು.

ಕಾಣಿಕೆಯ ಡಬ್ಬಿಯನ್ನು ಹಿತ್ತಾಳೆಯಲ್ಲಿ ಮಾಡಿದರು. ಉದ್ದ 5 ಅಂಗುಲ, ಅಗಲ ಮೂರೂಕಾಲು, ಎತ್ತರ ಒಂದೂಕಾಲು, ಕೀಲಿನ ಮುಚ್ಚಳ. ಮುಚ್ಚಳದ ನಡುವೆ ಹಾರದೊಳಗೆ ರಾಜಕುಮಾರಿಯ ಮುಖ ಉಬ್ಬಿಸಿದೆ; ಕೆಳಗೆ ಕ್ರಿಸ್ಮಸ್ 1914 ಎಂಬ ಒಕ್ಕಣೆ, ಅದರ ಇಕ್ಕೆಲಗಳಲ್ಲಿ ಅಲೆ ಸೀಳುವ ಯುದ್ಧನೌಕೆಗಳು; ಸುತ್ತ ಮಿತ್ರರಾಷ್ಟ್ರಗಳ ಹೆಸರುಗಳು. ಹೊಗೆಬತ್ತಿ ಸೇದುವವರಿಗೆ ತಂಬಾಕು, ಸಿಗರೇಟು, ಒಂದು ಚುಂಗಾಣಿ, ಬೆಂಕಿ ಹೊತ್ತಿಸುವ ಸಾಧನ. ಸೇದದವರಿಗೆ ಹುಳಿಮಿಠಾಯಿ, ಬರೆಯುವ ಕಾಗದ, ಪೆನ್ಸಿಲು. ದಾದಿಯರಿಗೆ ಚಾಕೊಲೇಟು.

ಆಗ ಫ್ರಾನ್ಸಿನ ಕೆಸರಿನ ಕಂದಕಗಳಲ್ಲಿ ಭಾರತೀಯ ಸೈನಿಕರೂ ಇದ್ದರು. ಲಾಹೋರ್ ಮತ್ತು ಮೀರತ್ ಡಿವಿಜನ್ನುಗಳು ಆ ಚಳಿಗಾಲದಲ್ಲಿ ಅಲ್ಲಿ ಹೋರಾಡಿದವು. ಅವರ ಕಾಣಿಕೆಯ ವಿಚಾರವನ್ನು ಸಮಿತಿಯವರು ಪ್ರತ್ಯೇಕವಾಗಿ ಯೋಚಿಸಿದರು. ಗೂರ್ಖರಿಗೆ ಬ್ರಿಟಿಷ್ ಸೈನಿಕರಿಗೆ ಕೊಟ್ಟದ್ದೇ. ಸಿಖ್ಖರಿಗೆ ತಂಬಾಕು ನಿಷಿದ್ಧವಾದ್ದರಿಂದ ಹಿತ್ತಾಳೆಯ ಡಬ್ಬಿಯ ತುಂಬ ಕಲ್ಲುಸಕ್ಕರೆ, ಜೊತೆಗೆ ಒಂದು ತಗಡಿನ ಡಬ್ಬಿಯಲ್ಲಿ ಸಂಬಾರ ಪದಾರ್ಥ. ಉಳಿದ ಭಾರತೀಯ ಸೈನಿಕರಿಗೆ ಸಿಗರೇಟು, ಕಲ್ಲುಸಕ್ಕರೆ ಮತ್ತು ಅದೇ ಸಂಬಾರದ ಡಬ್ಬಿ. ದಂಡಿನ ಹಿಂದೆ ನಡೆಯುವ ಕೆಲಸಗಾರರನ್ನೆಲ್ಲ ‘ಭಿಸ್ತಿ’ಗಳು ಎಂಬ ಒಂದೇ ಹೆಸರಿನಲ್ಲಿ ಸೇರಿಸಿದರು. ಭಿಸ್ತಿ ಎಂದರೆ ತೊಗಲಿನ ಚೀಲದಲ್ಲಿ ನೀರು ಹೊತ್ತು ತರುವವನು. ಇವರಿಗೆ ಸಂಬಾರದ ತಗಡಿನ ಡಬ್ಬಿ ಮತ್ತು ಶುಭಾಶಯದ ಪತ್ರ ಮಾತ್ರ. ಹಿತ್ತಾಳೆಯ ಡಬ್ಬಿ ಇಲ್ಲ.

ಈ ಪಟ್ಟಿಯನ್ನು ಓದುವಾಗ ಎರಡು ಭಾವಗಳು ಒಟ್ಟಿಗೆ ಬರುತ್ತವೆ. ಸಿಖ್ಖರ ಧರ್ಮವನ್ನು ನೆನೆದು ಸಿಗರೇಟನ್ನು ಬಿಟ್ಟರಲ್ಲ, ಸಪ್ಪೆ ಊಟದಲ್ಲಿ ಬೇಸತ್ತ ನಾಲಗೆಗೆ ಮೆಣಸು ಮಸಾಲೆಯ ನೆನಪು ಮಾಡಿಕೊಟ್ಟರಲ್ಲ, ಅದು ನಿಜವಾದ ಆದರ. ಆದರೆ ಗುಂಡಿನ ಮಳೆಯಲ್ಲಿ ನೀರು ಹೊತ್ತವನಿಗೆ ಹಿತ್ತಾಳೆ ಸಲ್ಲದು, ತಗಡು ಸಾಕು ಎಂದ ಲೆಕ್ಕವೂ ಅದೇ ಪಟ್ಟಿಯಲ್ಲಿದೆ. ಸಂಬಾರ ಎಲ್ಲರಿಗೂ ಒಂದೇ ರುಚಿಯದಾಗಿದ್ದಿರಬಹುದು. ಅದು ಅಂದೇ ತೀರಿಹೋಯಿತು. ಎಣಿಕೆಯ ತಾರತಮ್ಯ ಡಬ್ಬಿಯ ಲೋಹದಲ್ಲಿ ಉಳಿಯಿತು.

ಆ ಕ್ರಿಸ್ಮಸ್ಸಿನೊಳಗೆ 4 ಲಕ್ಷಕ್ಕೂ ಹೆಚ್ಚು ಮಂದಿಗೆ ಕಾಣಿಕೆ ಮುಟ್ಟಿತು. ಯುದ್ಧರಂಗದಲ್ಲಿದ್ದವರು, ಗಾಯಗೊಂಡವರು, ಮಡಿದವರ ಹೆಂಡತಿಯರು ಅಥವಾ ತಂದೆತಾಯಿಗಳು ಈ ಮೊದಲ ವರ್ಗದವರು. ಬ್ರಿಟಿಷ್ ದ್ವೀಪಗಳ ಹೊರಗೆ ಬೇರೆಡೆ ಸೇವೆಯಲ್ಲಿದ್ದ ಬ್ರಿಟಿಷ್, ವಸಾಹತು ಮತ್ತು ಭಾರತೀಯ ದಳಗಳು ಎರಡನೆಯ ವರ್ಗ. ಮೈಸೂರು ಸಂಸ್ಥಾನದ ಲ್ಯಾನ್ಸರ್ ಕುದುರೆ ದಳ, ಮುಂದೆ 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಡನೆ ಹೈಫಾ ನಗರವನ್ನು ಗೆದ್ದುಕೊಂಡ ದಳ, 1914ರಲ್ಲಿಯೇ ಈಜಿಪ್ಟಿಗೆ ತೆರಳಿತ್ತು. ಸಮುದ್ರದಾಚೆ ಅಂಥ ಕ್ರಿಸ್ಮಸ್ ಕಳೆದವರಲ್ಲಿ ಕನ್ನಡನಾಡಿನವರೂ ಇದ್ದರೆಂಬುದು ನೆನಪಿರಲಿ.

ಎರಡನೆಯ ಮತ್ತು ಮೂರನೆಯ ವರ್ಗದವರು ಬಹಳ ಕಾಯಬೇಕಾಯಿತು. ಕಾರಣ ಹಿತ್ತಾಳೆಯೇ. ಗುಂಡಿನ ಕೋಶಕ್ಕೂ ಅದೇ ಬೇಕು, ಕಾಣಿಕೆಯ ಡಬ್ಬಿಗೂ ಅದೇ ಬೇಕು. ಅಮೆರಿಕದಿಂದ ತರಿಸುತ್ತಿದ್ದ ಹಿತ್ತಾಳೆಯ ಒಂದು ದೊಡ್ಡ ಸರಕು, 1915ರ ಮೇ ತಿಂಗಳಲ್ಲಿ ಜರ್ಮನರ ಜಲಾಂತರ್ನೌಕೆಗೆ ಸಿಕ್ಕಿ ಮುಳುಗಿದ ಲೂಸಿಟೇನಿಯಾ ಹಡಗಿನೊಡನೆ ಸಮುದ್ರ ಸೇರಿತು. ತಡವಾಗಿ ಹೊರಟ ಡಬ್ಬಿಗಳಲ್ಲಿ ಕ್ರಿಸ್ಮಸ್ ಶುಭಾಶಯದ ಬದಲು ಹೊಸ ವರ್ಷದ ವಿಜಯವನ್ನು ಹಾರೈಸುವ ಪತ್ರವನ್ನಿಟ್ಟರು. 1920ರಲ್ಲಿ ನಿಧಿಯನ್ನು ಮುಚ್ಚಿದಾಗ 25 ಲಕ್ಷಕ್ಕೂ ಹೆಚ್ಚು ಕಾಣಿಕೆಗಳು ವಿತರಣೆಯಾಗಿದ್ದವು. ಅಷ್ಟರಲ್ಲಿ ಪಡೆಯಬೇಕಾಗಿದ್ದವರಲ್ಲಿ ಎಷ್ಟೋ ಮಂದಿ ಮಣ್ಣು ಸೇರಿದ್ದರು.

ಅಲಂಕೃತ ಡಬ್ಬಿಯ ವೈಭವದ ಕಾಲ ಆ ಯುದ್ಧದೊಂದಿಗೆ ಇಳಿಮುಖವಾಯಿತು. ಬೆಲೆಗಳು ಏರಿದವು, ವಿಚಿತ್ರ ಆಕಾರಗಳಿಗೆ ವೆಚ್ಚ ತಾಳಲಿಲ್ಲ. ಕ್ರಿಸ್ಮಸ್ಸಿಗೆ ಮಕ್ಕಳಿಗಾಗಿ ಮಾಡುವ ಡಬ್ಬಿಗಳಲ್ಲಿ ಮಾತ್ರ ಹಳೆಯ ಉತ್ಸಾಹ ಉಳಿಯಿತು. ಚಕ್ರವುಳ್ಳ ಮೋಟಾರು ವ್ಯಾನು, ಆಡುವ ಮನೆ ಇತ್ಯಾದಿ. ಜೇಕಬ್ಸ್ ಸಂಸ್ಥೆಯವರು 1936-37ರಲ್ಲಿ ಹೊರತಂದ ಪಟ್ಟಾಭಿಷೇಕದ ರಥದ ಡಬ್ಬಿ ಇವುಗಳಲ್ಲಿ ಹೆಸರುವಾಸಿ. ಎರಡನೆಯ ಮಹಾಯುದ್ಧದಲ್ಲಿ ತಗಡಿಗೆ ಅಭಾವ ಬಂದಿತು. ಆಮೇಲೆ ಅಗ್ಗದ ರಟ್ಟು, ಮೇಣದ ಕಾಗದ, ಪ್ಲಾಸ್ಟಿಕ್ಕು ತಗಡಿನ ಜಾಗವನ್ನು ಹಿಡಿದವು. ರೆಡಿಂಗಿನ ಕಾರ್ಖಾನೆಯಲ್ಲಿ ಬಿಸ್ಕತ್ತು ಸುಡುವುದು 1976ರಲ್ಲಿ ನಿಂತಿತು. ಆ ಊರಿನ ವಸ್ತುಸಂಗ್ರಹಾಲಯದಲ್ಲಿ ಇಂದು ಒಂದು ಕೋಣೆಯನ್ನೇ ಬಿಸ್ಕತ್ತಿನ ಚರಿತ್ರೆಗೆ ಮೀಸಲಿಟ್ಟು, ಮುನ್ನೂರಕ್ಕೂ ಹೆಚ್ಚು ಡಬ್ಬಿಗಳನ್ನು ಪ್ರದರ್ಶನಕ್ಕೆ ಇಟ್ಟಿದ್ದಾರೆ. ಒಂದು ಬಿಸ್ಕತ್ತಿನ ಕಂಪು ಕೂಡ ಇಲ್ಲದ ಊರಿನಲ್ಲಿ ಬಿಸ್ಕತ್ತಿನ ಕಥೆಯನ್ನು ಡಬ್ಬಿಗಳು ಹೇಳುತ್ತಿವೆ.

ಹಳೆಯ ಡಬ್ಬಿಗಳನ್ನು ಕೂಡಿಡುವವರು ಇಂದು ಅನೇಕ ದೇಶಗಳಲ್ಲಿದ್ದಾರೆ. ಬಣ್ಣ ಮಾಸದ, ಗೀರು ಬೀಳದ, ಕೀಲು ಸಡಿಲವಾಗದ ಡಬ್ಬಿಗೆ ಅವರು ಹೆಚ್ಚು ಬೆಲೆ ಕಟ್ಟುತ್ತಾರೆ. ಅವರ ದೃಷ್ಟಿಯಿಂದ ಅದು ಸರಿ. ಚರಿತ್ರೆಯನ್ನು ಓದುವವನ ದೃಷ್ಟಿ ಸ್ವಲ್ಪ ಬೇರೆ. ಯಾರೂ ಮುಟ್ಟದೆ ಹೊಸದಾಗಿ ಉಳಿದ ಡಬ್ಬಿ ಕಾರ್ಖಾನೆಯ ಕಥೆಯನ್ನಷ್ಟೇ ಹೇಳೀತು. ಒಳಗೆ ಪದಕವನ್ನೂ ಭಾವಚಿತ್ರವನ್ನೂ ಇಟ್ಟುಕೊಂಡು ಅಂಚು ಸವೆದ 1914ರ ಹಿತ್ತಾಳೆಯ ಡಬ್ಬಿ ಒಂದು ಮನೆತನದ ಕಥೆಯನ್ನೂ ಹೇಳುತ್ತದೆ. ಸವೆತವನ್ನು ದೋಷವೆಂದು ತಿಕ್ಕಿ ತೆಗೆದರೆ ಆ ಭಾಗ ಅಳಿಸಿಹೋಗುತ್ತದೆ.

ನಮ್ಮ ಮನೆಗಳ ಅಟ್ಟದ ಮೇಲೂ ಇಂಥ ಹಳೆಯ ಡಬ್ಬಿಗಳು ಒಂದೆರಡು ಇದ್ದೇ ಇರುತ್ತವೆ. ಬಿಸ್ಕತ್ತಿನದೋ ನಶ್ಯದ್ದೋ ಮಿಠಾಯಿಯದೋ, ಯಾವುದಾದರೂ ಸರಿ. ಹಳೆಯ ಸಾಮಾನಿನವನ ತಕ್ಕಡಿಗೆ ಅವನ್ನು ಹಾಕುವ ಮೊದಲು ಮುಚ್ಚಳವನ್ನು ಒರೆಸಿ ಬೆಳಕಿಗೆ ಹಿಡಿದು ನೋಡಬೇಕು. ತಳದಲ್ಲಿ ಮಾಡಿದವರ ಹೆಸರು, ಊರು ಇರಬಹುದು. ಅದರಲ್ಲಿ ಯಾರು ಏನನ್ನು ಇಡುತ್ತಿದ್ದರು, ಅದು ಮನೆಗೆ ಹೇಗೆ ಬಂದಿತು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ, ಒಂದು ಚೀಟಿಯಲ್ಲಿ ಬರೆದು ಆ ಡಬ್ಬಿಯೊಳಗೇ ಇಟ್ಟರೆ ಒಳ್ಳೆಯದು. ಹೇಳಬಲ್ಲವರು ಇರುವಾಗಲೇ ಈ ಕೆಲಸ ಆಗಬೇಕು.